ನಿಂತ ಕಾರು

ರಸ್ತೆ ದಾಟುವವರಿಗಾಗಿ ಕಾರೊಂದು ನಿಂತದ್ದನ್ನು ಫಕ್ರುದ್ದೀನ್ ಸಾಹೇಬರು ತಮ್ಮ ಜನ್ಮದಲ್ಲಿ ಅವತ್ತೇ ಮೊದಲು ನೋಡಿದ್ದು. ಚನ್ನಪಟ್ಟಣದ ಹೆದ್ದಾರಿ, ಅವರ ಬೊಂಬೆ ಅಂಗಡಿಯ ಎದುರು, ಅಳಿಸಿಹೋಗುತ್ತಿದ್ದ ಬಿಳಿ ಪಟ್ಟೆಗಳ ಹತ್ತಿರ ಕಾರು ಗಕ್ಕನೆ ನಿಂತಿತು. ಒಳಗಿದ್ದವನು ಬೆಳಿಗ್ಗೆ ಅವರ ಅಂಗಡಿಯಲ್ಲೇ ಕೆಂಪು ಮರದ ಕುದುರೆ ಕೊಂಡಿದ್ದ ಫಾರಿನ್ ಪ್ರವಾಸಿ. ಬಾಡಿಗೆ ಕಾರನ್ನು ತಾನೇ ಓಡಿಸುತ್ತಿದ್ದ. ಬೆಲ್ಟು ಬಿಗಿದುಕೊಂಡು, ಹಾರ್ನ್ ಮುಟ್ಟದೆ, ಪುಣ್ಯಾತ್ಮ, ಒಂದು ನಿಯಮವನ್ನೂ ಬಿಟ್ಟವನಲ್ಲ.

ಆಚೆ ಬದಿಯಲ್ಲಿ ಊಟದ ಡಬ್ಬಿ ಹಿಡಿದು ನಿಂತಿದ್ದವಳು ಅವರ ಹೆಂಡತಿ ಖುರ್ಷಿದಾ. ಅವಳು ರಸ್ತೆ ದಾಟುವ ರೀತಿಯೇ ಬೇರೆ. ಒಂದು ಕೈ ಮೇಲೆತ್ತಿ, ಬರುವ ಗಾಡಿಗಳನ್ನೇ ದುರುಗುಟ್ಟಿ ನೋಡುತ್ತ, ಬಾಯಲ್ಲಿ ಅಲ್ಲಾ ಅಲ್ಲಾ ಎನ್ನುತ್ತ ಒಂದೇ ಓಟ. ಅವತ್ತು ಮಾತ್ರ ಕಾರಿನಲ್ಲಿದ್ದವನು ನಕ್ಕು, ದಾಟಿ ಅಮ್ಮಾ ಎನ್ನುವಂತೆ ಕೈ ಬೀಸಿದ. ತನಗೋಸ್ಕರ ಒಂದು ಕಾರು ನಿಂತಿದೆಯಲ್ಲ! ಖುರ್ಷಿದಾ ಎತ್ತಿದ ಕೈ ಇಳಿಸಿದಳು, ಅವನಿಗೊಂದು ಸಲಾಮ್ ಮಾಡಿದಳು, ಬೇರೆ ಯಾವ ಕಡೆಗೂ ನೋಡದೆ ನಿಧಾನವಾಗಿ ನಡೆದಳು.

ಕಾರಿನ ಹಿಂದಿದ್ದ ಬೈಕು ಬಲಕ್ಕೆ ಹೊರಳಿಕೊಂಡು ನುಗ್ಗಿತು. ಡಬ್ಬಿ ಒಂದು ಕಡೆ, ಖುರ್ಷಿದಾ ಒಂದು ಕಡೆ. ಬೈಕಿನಲ್ಲಿದ್ದವನು ಸಾಹೇಬರ ತಂಗಿಯ ಒಬ್ಬನೇ ಮಗ, ಅಮೀರ್. ಅವನು ಮಾಮುವಿನ ಮುಖವನ್ನು ಒಮ್ಮೆ ನೋಡಿ, ಗಾಡಿ ತಿರುಗಿಸಿ ಗಲ್ಲಿಗೆ ಪರಾರಿಯಾದ. ಜನ ಸೇರುವ ಹೊತ್ತಿಗೆ ಅಲ್ಲಿ ಬೈಕು ಇರಲಿಲ್ಲ, ಕಾರು ಇತ್ತು. ಅಷ್ಟು ಸಾಕಲ್ಲ ಜನಕ್ಕೆ! ಕೆಳಗಿಳಿದು ಓಡಿಬಂದವನ ಕಪಾಳಕ್ಕೆ ಯಾರೋ ಎರಡು ಬಿಟ್ಟರು. ಆದರೂ ಖುರ್ಷಿದಾಳನ್ನು ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿ ಆಸ್ಪತ್ರೆಗೆ ತಂದವನು ಅವನೇ.

ಸೊಂಟದ ಮೂಳೆ ಮುರಿದಿತ್ತು. ಸುದ್ದಿ ತಿಳಿದು ಓಡಿಬಂದ ತಂಗಿ ಹಫೀಜಾ, ಅಣ್ಣನನ್ನು ಆಸ್ಪತ್ರೆಯ ಜಗಲಿಯ ಮೂಲೆಗೆ ಎಳೆದುಕೊಂಡು ಹೋದಳು.

"ಭಾಯ್, ಅಮೀರಂಗೆ ಲೈಸೆನ್ಸ್ ಇಲ್ಲ. ಅವ್ನ ಒಳಗಾಕ್ಬುಟ್ರೆ ನಾನು ಬದ್ಕಾಕಿಲ್ಲ. ಈ ಬಿಳಿಯೋನ್ಗೇನು? ಅವ್ನ ದೇಶ್ದೋರು ಬಂದು ಬಿಡಿಸ್ಕೊಂಡ್ ಹೋಯ್ತಾರೆ."

"ಅವ್ನು ನಿಂತ, ಹಫೀಜಾ. ನಿನ್ನ ಭಾಬಿಗೋಸ್ಕರ ನಿಂತ."

"ಅದೇ ಅವ್ನ ತಪ್ಪು! ಎಲ್ರಂಗೆ ಹೋಗಿದ್ರೆ ಭಾಬಿ ಕಾಲು ಎತ್ತಿಡ್ತಾನೇ ಇರ್ಲಿಲ್ಲ!"

ಸಾಹೇಬರು ಬೆಂಚಿನ ಕಡೆ ತಿರುಗಿದರು. ಅಲ್ಲಿ ಆ ಪ್ರವಾಸಿ ಕೂತಿದ್ದ, ಅಂಗಿಯ ತುಂಬ ಖುರ್ಷಿದಾಳ ರಕ್ತ. ಪಕ್ಕದಲ್ಲಿ ಪೊಲೀಸ್ ದಫೇದಾರ್ ಬೈರಪ್ಪ ನಿಂತಿದ್ದ.

"ಬನ್ನಿ ಸಾಬ್ರೇ," ಎಂದ ಬೈರಪ್ಪ. "ಇವ್ನು ಬೈಕು ಬೈಕು ಅಂತ ಬಡ್ಕೊತಾವ್ನೆ. ಅಂಗ್ಡಿ ಬಾಗ್ಲಲ್ಲೇ ಇದ್ರಂತೆ ನೀವು. ಹೊಡೆದದ್ದು ಕಾರೋ, ಬೈಕೋ? ಒಸಿ ಬಿಡ್ಸಿ ಹೇಳಿ."

ಸಾಹೇಬರನ್ನು ಕಂಡು ಪ್ರವಾಸಿಯ ಮುಖ ಅರಳಿತು. ಬೆಳಿಗ್ಗೆ ಚಹಾ ಕುಡಿಸಿದ ಮುದುಕ, ಎಲ್ಲವನ್ನೂ ಕಣ್ಣಾರೆ ನೋಡಿದವನು ಬಂದನಲ್ಲ ಎಂಬ ಧೈರ್ಯ. ಎದ್ದು ನಿಂತು ಎರಡೂ ಕೈಯಲ್ಲಿ ಅವರ ಕೈ ಹಿಡಿದುಕೊಂಡ. ಕಂಬದ ಮರೆಯಲ್ಲಿ ಹಫೀಜಾ ಸೆರಗೊಡ್ಡಿ ನಿಂತಿದ್ದಳು. ಸಾಹೇಬರು ಕೈ ಬಿಡಿಸಿಕೊಂಡರು.

"ಕಾರು," ಎಂದರು.

ಒಳಗಿನಿಂದ ಖುರ್ಷಿದಾ ನರಳುತ್ತಲೇ ಕೂಗುತ್ತಿದ್ದಳು: "ಆ ಮಗೀನ್ ಯಾಕ್ ಇಡ್ಕೊಂಡವ್ರೆ? ಅವ್ನು ನಂಗೆ ದಾರಿ ಬುಟ್ಟ ಕಣ್ರೀ!" ಹಫೀಜಾ ಓಡಿಹೋಗಿ, ನೋವಿಗೆ ಏನೇನೋ ಬಡಬಡಿಸ್ತಾವ್ಳೆ ಎಂದು ದಫೇದಾರನಿಗೆ ಕೇಳುವಂತೆ ಹೇಳಿ ಬಾಗಿಲು ಹಾಕಿದಳು.

ವಕೀಲರು, ಕೋರ್ಟು, ಜಾಮೀನು ಎಂದು ಅಲೆದಾಡಿ ಅವನೂ ಕಾರೂ ಹೊರಗೆ ಬರುವ ಹೊತ್ತಿಗೆ ತಿಂಗಳೇ ಆಯಿತು. ಅವನು ಬಿಡುಗಡೆಯಾದ ಸುದ್ದಿ ಸಾಹೇಬರ ಕಿವಿಗೂ ಬಿದ್ದಿತ್ತು. ಒಂದು ಮಧ್ಯಾಹ್ನ ಅವರು ಹಾಸಿಗೆ ಹಿಡಿದ ಹೆಂಡತಿಗೆ ಗಂಜಿ ಕುಡಿಸಲು ಅಂಗಡಿಯಿಂದ ಮನೆಗೆ ಹೊರಟು ಅದೇ ಬಿಳಿ ಪಟ್ಟೆಗಳ ಬಳಿ ನಿಂತಿದ್ದರು. ದೂರದಲ್ಲಿ ಅದೇ ಕಾರು. ಗಾಜಿನ ಹಿಂದೆ ತಾವೇ ಕಡೆದು ಬಣ್ಣ ಹಾಕಿದ ಕೆಂಪು ಕುದುರೆ.

ಒಂದು ಮಾತು, ಮಾಫ್ ಮಾಡಪ್ಪ ಎಂಬ ಒಂದೇ ಮಾತು ಹೇಳಿಬಿಟ್ಟರೆ ರಾತ್ರಿ ನಿದ್ದೆಯಾದರೂ ಬಂದೀತು. ಸಾಹೇಬರು ಕೈ ಎತ್ತಿ ಪಟ್ಟೆಯ ಮೇಲೆ ಕಾಲಿಟ್ಟರು. ಅವನು ನೋಡಿದ. ಗುರುತೂ ಹಿಡಿದ. ನಿಲ್ಲುತ್ತಾನೆ ಎಂದೇ ಸಾಹೇಬರು ಇನ್ನೊಂದು ಹೆಜ್ಜೆ ಇಟ್ಟರು.

ಕಾರು ನಿಲ್ಲಲಿಲ್ಲ. ಲಾರಿಯವರು ಹೊಡೆಯುವಂಥ ಉದ್ದನೆಯ ಹಾರ್ನ್ ಹೊಡೆದು, ಅವರ ಪಕ್ಕದಲ್ಲೇ ಸುಯ್ಯೆಂದು ಹೊರಟುಹೋಯಿತು. ಸಾಹೇಬರು ಹಿಂದಕ್ಕೆ ಹಾರಿ ಚರಂಡಿಯ ಪಕ್ಕ ಬಿದ್ದರು.

ಟೀ ಅಂಗಡಿಯ ಅಂಕಯ್ಯ ಓಡಿಬಂದು ಅವರ ರಟ್ಟೆ ಹಿಡಿದು ಎಬ್ಬಿಸಿದ. ಕಾರು ಹೋದ ದಿಕ್ಕಿಗೆ ನೋಡಿ ನಕ್ಕ.

"ಬುಡಿ ಸಾಬ್ರೇ, ಬಿಳಿಯೋನು ಈಗ ನಮ್ಮೂರಲ್ಲಿ ಗಾಡಿ ಓಡ್ಸಾದು ಕಲ್ತ!"