ಸಿಮ್ಮು ಹುಡುಕಲು ಹೋದವರು

"ಕರೆಂಟು ಬಂತು ಕಣ್ಲಾ, ಮೋಟ್ರು ಹಾಕು!" ಎಂದು ಹೊನ್ನಯ್ಯ ಹಿತ್ತಲಿಂದ ಕೂಗಿದ್ದೇ ತಡ, ಮಗ ಪುನೀತ್ ಜಗಲಿಯ ಮೇಲೆ ಮಲಗಿದ್ದಂತೆಯೇ ಫೋನು ತೆಗೆದು ಗದ್ದೆಯ ಮೋಟಾರಿನ ನಂಬರು ಒತ್ತಿದ. ಎಂದಿನಂತೆ ಆ ರೆಕಾರ್ಡಿನ ಹೆಂಗಸಿನ ದನಿ 'ನಮಸ್ಕಾರ, ನಿಮ್ಮ ಮೋಟಾರು ಚಾಲೂ ಆಗಿದೆ' ಅನ್ನಬೇಕಿತ್ತು. ಅನ್ನಲಿಲ್ಲ. ಇನ್ನೊಮ್ಮೆ ಒತ್ತಿದ. ಸ್ವಿಚ್ ಆಫ್.

ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅವನ ಹೆಂಡತಿ ದೀಪಿಕಳ ಕಿವಿ ನೆಟ್ಟಗಾಯಿತು. ಅಪ್ಪಾ ದೇವರೇ, ಕೆಟ್ಟಿರಲಿ, ರಿಪೇರಿಯೇ ಆಗದ ಹಾಗೆ ಕೆಟ್ಟಿರಲಿ ಎಂದು ಮನಸ್ಸಿನಲ್ಲೇ ಕೈಮುಗಿದಳು.

ಕೈಮುಗಿಯದೆ ಇನ್ನೇನು ಮಾಡಿಯಾಳು? ಮದುವೆಯಾಗಿ ಕೆರಗೋಡಿಗೆ ಬಂದು ನಾಲ್ಕು ತಿಂಗಳು. ಜಗಲಿಯಲ್ಲಿ ಮಾವ, ಒಳಗೆ ಅತ್ತೆ ಚಿಕ್ಕಬೋರಮ್ಮ, ನಡುಮನೆಯಲ್ಲಿ ಟೀವಿ. ಗಂಡ ಅನ್ನುವವನು ಕೈಗೆ ಸಿಗುತ್ತಿದ್ದುದು ಕರೆಂಟು ಬಂದಾಗ ಮಾತ್ರ. ಮೋಟಾರು ಹಾಕಲು ಅವನು ಹೊರಟರೆ ಮಜ್ಜಿಗೆ ಚೊಂಬು ಹಿಡಿದು ಇವಳೂ ಬೈಕು ಹತ್ತುತ್ತಿದ್ದಳು. ನೀರು ಗದ್ದೆಯ ಕೊನೆ ಮುಟ್ಟುವವರೆಗೂ ಇಬ್ಬರೂ ಬದುವಿನ ಮೇಲೆ, ಮುಗಿಯದ ಮಾತು. ಅಂಥ ಸುಖಕ್ಕೆ ಕಲ್ಲು ಹಾಕಿದವನು ಬೇರೆ ಯಾರೋ ಆಗಿದ್ದರೆ ಶಪಿಸಿಯಾದರೂ ಸುಮ್ಮನಾಗುತ್ತಿದ್ದಳು. ಇದೇ ಮಹಾನುಭಾವ ಹೋದ ತಿಂಗಳು ಮಂಡ್ಯದಿಂದ ಮೊಬೈಲ್ ಸ್ಟಾರ್ಟರ್ ತಂದ. ಮೋಟಾರಿನ ಡಬ್ಬಿಯೊಳಗೆ ಒಂದು ಸಿಮ್ಮು. ಮನೆಯಿಂದ ಒಂದು ಕರೆ ಮಾಡಿದರೆ ಸಾಕು, ನೀರು. "ಇನ್ಮೇಲೆ ಗದ್ದೆಗೆ ಹೋಗೋ ರೇಜಿಗೇನೇ ಇಲ್ಲ ಕಣೇ" ಎಂದು ಹಲ್ಲು ಕಿರಿದ ಬೇರೆ! ಆಮೇಲೆ ಗಂಡ ಹೆಂಡತಿಯ ಮಾತೆಲ್ಲ ಅಡುಗೆಮನೆಯಿಂದ ಜಗಲಿಗೆ ವಾಟ್ಸಾಪಿನಲ್ಲೇ. ಇವಳು ನಾಲ್ಕು ಸಾಲು ಬರೆದರೆ ಅವನಿಂದ ಒಂದು ಹೆಬ್ಬೆಟ್ಟು ಬರುತ್ತಿತ್ತು.

"ಕುಂತ್ಕಂಡು ಒತ್ತುದ್ರೆ ಆಯ್ತದೇನ್ಲಾ? ಓಗಿ ನೋಡು" ಎಂದರು ಹೊನ್ನಯ್ಯ. ಚಿಕ್ಕಬೋರಮ್ಮ ಸೊಸೆಯ ಮುಂದಿದ್ದ ಮೊರವನ್ನು ತಾನೇ ಎಳೆದುಕೊಂಡರು. "ನೀನೂ ಓಗವ್ವ. ಅವನೊಬ್ನೇ ಏನ್ ಮಾಡಾನು? ಕಾಯಿ ನಾನ್ ಸುಲೀತೀನಿ, ಬುಡು." ಅತ್ತೆಯ ಬಾಯಲ್ಲಿ ಇಂಥ ಮಾತೇ ಎಂದು ದೀಪಿಕ ಬೆರಗಾದಳು. ಬೆರಗಾಗುತ್ತಲೇ ಬೈಕು ಹತ್ತಿದ್ದಳು.

ಗದ್ದೆಯಲ್ಲಿ ನೋಡಿದರೆ ಸ್ಟಾರ್ಟರಿನ ಮುಚ್ಚಳ ಬಿಚ್ಚಿದೆ, ಸಿಮ್ಮು ಇರಬೇಕಾದ ಜಾಗ ಖಾಲಿ. "ತಂತಿ ಕದಿಯೋರ್ನ ಕಂಡಿದ್ದೆ, ಕೇಬಲ್ ಕದಿಯೋರ್ನ ಕಂಡಿದ್ದೆ, ಇದ್ಯಾವನೇ ಇವನು ಸಿಮ್ಮು ಕದಿಯೋನು!" ಎಂದು ಪುನೀತ್ ತಲೆಮೇಲೆ ಕೈಹೊತ್ತ. ಹಸಿರು ಗುಂಡಿ ಒತ್ತಿದ. ಮೋಟಾರು ಗುಂಯ್ ಎಂದು ಹೊರಟು ನೀರು ಬಿತ್ತು. ದೀಪಿಕ ಆಗಲೇ ಬದುವಿನ ಮೇಲೆ ಕೂತು ಪಕ್ಕದಲ್ಲಿ ಜಾಗ ಸವರಿದ್ದಳು.

"ಬನ್ನಿ ರೀ, ಕೂತ್ಕಳಿ."

"ಕೂರೋ ಹೊತ್ತೇನೇ ಇದು? ಅಪ್ಪನಿಗೆ ಹೇಳ್ಬೇಕು, ಹೊಸ ಸಿಮ್ಮು ತರಬೇಕು."

"ಫೋನ್ ಮಾಡಿ ಹೇಳಿ."

"ಮಾಡ್ದೆ. ಎತ್ತುತಾ ಇಲ್ಲ. ನಡಿ ನಡಿ."

ದೀಪಿಕಳಿಗೆ ಅಳುವೇ ಬಂತು. ಒಂದು ತಿಂಗಳ ಮೇಲೆ ಸಿಕ್ಕಿದ ಗಂಡ, ಸಿಕ್ಕಿಯೂ ಸಿಕ್ಕಲಿಲ್ಲವಲ್ಲ. "ತಾಳಿ ನನಗ್ಯಾಕೆ ಕಟ್ಟಿದ್ರಿ? ಆ ಸ್ಟಾರ್ಟರ್‌ಗೇ ಕಟ್ಟಬೇಕಾಗಿತ್ತು!" ಎಂದು ಮುಖ ಊದಿಸಿಕೊಂಡು ಬೈಕಿನ ಹಿಂದೆ ಒಂದು ಗೇಣು ದೂರವೇ ಕೂತಳು. ದಾರಿಯುದ್ದಕ್ಕೂ ಅವನು ಕಳ್ಳ ಯಾರಿರಬಹುದೆಂದು ಲೆಕ್ಕ ಹಾಕುತ್ತಿದ್ದ.

ಮನೆಯ ಬಾಗಿಲು ಅರ್ಧ ಮುಂದೆ ಮಾಡಿತ್ತು. ಒಳಗೆ ಯಾರೋ ಕಿಲಕಿಲ ನಗುತ್ತಿದ್ದರು. ನಾಲ್ಕು ತಿಂಗಳಲ್ಲಿ ಅತ್ತೆ ಹೀಗೆ ನಕ್ಕಿದ್ದನ್ನು ದೀಪಿಕ ಕೇಳಿದ್ದೇ ಇಲ್ಲ. ಮೆಲ್ಲಗೆ ತಳ್ಳಿ ನೋಡಿದಳು. ಟೀವಿ ಆರಿತ್ತು. ಚಿಕ್ಕಬೋರಮ್ಮ ನರೆತ ಕೂದಲು ಬಿಚ್ಚಿಕೊಂಡು ನಡುಮನೆಯಲ್ಲಿ ಕೂತಿದ್ದಾರೆ. ಅವರ ಬೆನ್ನ ಹಿಂದೆ, ಸಾರಿಗೆ ಉಪ್ಪು ಸಾಲದೆ ಹೋದರೆ ಬೀದಿಗೆ ಕೇಳುವ ಹಾಗೆ ಗದರುವ ಹೊನ್ನಯ್ಯ, ಬಾಚಣಿಗೆಯನ್ನು ಬಾಯಲ್ಲಿ ಕಚ್ಚಿಕೊಂಡು, ಮೂರು ಎಳೆ ಸಮ ಮಾಡಿ ಅವರಿಗೆ ಜಡೆ ಹಾಕುತ್ತಿದ್ದಾರೆ! ಮೊಣಕಾಲ ಪಕ್ಕದಲ್ಲಿ ಎಲೆಅಡಿಕೆ ತಟ್ಟೆ. ಅದರಲ್ಲಿ, ಸುಣ್ಣದ ಡಬ್ಬಿಗೆ ಒರಗಿದಂತೆ, ಸಿಮ್ಮು.

ದೀಪಿಕಳಿಗೆ ಹೊಳೆಯಿತು. ತಾವಿಬ್ಬರೂ ಮೋಟಾರು ಹಾಕಲು ಹೋದಾಗಲೇ ಅಲ್ಲವೇ ಈ ಮನೆ ಖಾಲಿಯಾಗುತ್ತಿದ್ದುದು! ಮೊಬೈಲ್ ಸ್ಟಾರ್ಟರ್ ಬಂದ ಮೇಲೆ ಮಗ ಸೊಸೆ ಇಡೀ ದಿನ ಕಣ್ಣೆದುರಿಗೇ ಇದ್ದರೆ ಇವರು ತಾನೆ ಏನು ಮಾಡಬೇಕು? ಅವಳ ಸಿಟ್ಟೆಲ್ಲ ಇಳಿದು, ಆ ಗದರುವ ಮುದುಕನ ಮೇಲೆ ಎಲ್ಲಿಲ್ಲದ ಅಕ್ಕರೆ ಉಕ್ಕಿತು.

"ಅಪ್ಪಾ, ಸಿಮ್ಮು ನಿನ್ ತಟ್ಟೆ..." ಎಂದು ಬಾಯಿಬಿಟ್ಟ ಪುನೀತನ ತೊಡೆಗೆ ಅವಳು ಚಿವುಟಿದ ರಭಸಕ್ಕೆ ಮುಂದಿನ ಮಾತು 'ಅಯ್ಯೋ' ಆಗಿ ಹೊರಬಂತು. ಹೊನ್ನಯ್ಯ ಬಾಚಣಿಗೆ ಉಗುಳಿದರು. "ಏನ್ಲಾ, ಇಷ್ಟು ಬಿರ್ನೆ ಬಂದ್ಬುಟ್ಟೆ?"

"ಸಿಮ್ಮು ಕಾಣ್ತಿಲ್ಲ ಮಾವ" ಎಂದಳು ದೀಪಿಕ, ತಟ್ಟೆಯನ್ನೇ ನೋಡುತ್ತ. "ಬದುವಿನಲ್ಲೆಲ್ಲೋ ಬಿದ್ದಿರಬೇಕು. ಇನ್ನೊಂದ್ ಸಲ ಹುಡುಕ್ತೀವಿ." ಗಂಡನ ಕೈಯನ್ನು, ಹಿರಿಯರ ಮುಂದೆ ಮೊದಲ ಸಲ, ಗಟ್ಟಿಯಾಗಿ ಹಿಡಿದಿದ್ದಳು.

ಅರ್ಧ ಜಡೆಯ ಮೇಲೆ ಸೆರಗೆಳೆದುಕೊಂಡ ಚಿಕ್ಕಬೋರಮ್ಮ ಇತ್ತ ತಿರುಗದೆಯೇ ಹೇಳಿದರು: "ಊಂ ಕಣವ್ವ, ಸಂದೆಗಂಟ ಹುಡುಕ್ರಿ. ಸಿಕ್ತು ಅಂತ ಮಾತ್ರ ಬರಬ್ಯಾಡಿ."