ಹದಿನಾಲ್ಕನೇ ಕ್ಲಿಪ್ಪು

ಹದಿಮೂರನೇ ಸಲ ಐದು ಮಹಡಿ ಓಡಿ ಹತ್ತಿದ ನರ್ಸು ಮನೆ ಬಾಗಿಲಲ್ಲೇ ಕುಸಿದು ಕೂತು ಶೂ ಲೇಸು ಬಿಚ್ಚತೊಡಗಿದಳು. ಒಳಗೆ ಮಗುವಿನ ಅಳು ತಾರಕಕ್ಕೇರಿತ್ತು. ಎಂಟಕ್ಕೆ ಡ್ಯೂಟಿ ಬೇರೆ.

"ಮ್ಯಾರಥಾನ್ ಆಸೆ ಬಿಟ್ಟೆ ಅತ್ತೆ. ಮನೆ, ಮಗು, ಓಟ ಎಲ್ಲಾ ನನ್ನ ಕೈಲಾಗಲ್ಲ."

ಈ ಓಟಕ್ಕೆ ದಿನವೂ ಗೊಣಗುತ್ತಿದ್ದ ಅತ್ತೆ, ಮಗುವನ್ನು ಸೊಂಟಕ್ಕೇರಿಸಿಕೊಂಡು ಹೊರಬಂದರು. ಅವರ ಅಂಗಿಯ ತೋಳಿನುದ್ದಕ್ಕೂ ಬಟ್ಟೆ ಒಣಹಾಕುವ ಕ್ಲಿಪ್ಪುಗಳು ಸಾಲಾಗಿ ಕಚ್ಚಿಕೊಂಡಿದ್ದವು. ನರ್ಸು ಎಣಿಸಿದಳು. ಸರಿಯಾಗಿ ಹದಿಮೂರು.

"ಇಪ್ಪತ್ತು ಸಲ ಅಂದಿದ್ದೆ ನೀನು. ಲೆಕ್ಕ ತಪ್ಪಬಾರದು ಅಂತ ಸಲಕ್ಕೊಂದು ಸಿಕ್ಕಿಸ್ಕೊಂಡೆ. ಒದ್ದೆ ಬಟ್ಟೆ ಬಕೆಟ್ಟಲ್ಲೇ ಕೂತಿದೆ. ಇವನು ಅತ್ರೆ ಎತ್ಕೊಳ್ಳೋಕೆ ನಾನಿಲ್ವಾ? ಇನ್ನೇಳು ಮುಗಿಸಿ ಬಾ ತಾಯಿ."

ನರ್ಸು ಲೇಸನ್ನು ಮತ್ತೆ ಬಿಗಿದು ಕಟ್ಟಿದಳು. ಅತ್ತೆ ಆಗಲೇ ಹದಿನಾಲ್ಕನೇ ಕ್ಲಿಪ್ಪಿನ ಬಾಯಿ ಅಗಲಿಸಿ ಹಿಡಿದು ನಿಂತಿದ್ದರು.