ಪರದೆಯ ಹೊಲಿಗೆ

“ಮೈಕಿನವರಾ ನೀವು? ಯಾರಾದ್ರೂ ಆಗಿರಿ, ಈ ಸೂಜಿಗೊಂದು ದಾರ ಪೋಣಿಸಿ ಕೊಡಿ. ಕನ್ನಡಕ ಎಲ್ಲಿಟ್ಟೆನೋ ಏನೋ. ಹೊಲಿಯೋಕೆ ನನಗೆ ಕಣ್ಣು ಬೇಡ, ಪೋಣಿಸೋಕೆ ಬೇಕು.”

ಶಾಲೆಯ ಸಭಾಂಗಣದ ಹಿಂಬಾಗಿಲಿನಿಂದ ಒಳಗೆ ಕಾಲಿಟ್ಟ ಡಾಕ್ಟರು ಅಲ್ಲೇ ನಿಂತರು. ವೇದಿಕೆಯ ಮೇಲೆ, ಮುಚ್ಚಿದ ಪರದೆಯ ಒಳಬದಿಯಲ್ಲಿ, ಹೊಲಿಗೆ ಟೀಚರ್ ನೆಲದ ಮೇಲೆ ಕಾಲು ಚಾಚಿ ಕೂತಿದ್ದರು. ಬೆಳಿಗ್ಗೆ ಎಳೆದು ನೋಡುವಾಗ ಹಗ್ಗಕ್ಕೆ ಸಿಕ್ಕಿ ನೀಲಿ ಪರದೆಯ ಅಂಚು ಒಂದು ಮಾರಿನಷ್ಟು ಹರಿದುಹೋಗಿತ್ತು. ನಾಲ್ಕಕ್ಕೆ ಹಳೆಯ ವಿದ್ಯಾರ್ಥಿಗಳ ಸನ್ಮಾನ, ಈಗಾಗಲೇ ಮೂರೂವರೆ. ಸನ್ಮಾನಿತರಿಗೆಂದು ವೇದಿಕೆಯಲ್ಲಿ ಐದು ಕುರ್ಚಿ ಹಾಕಿದ್ದರು. ನಡುವಿನದು ಡಾಕ್ಟರದು.

ಮೈಕಿನವನಲ್ಲ ಎನ್ನಲು ಬಾಯಿ ತೆರೆದವರು ಹಾಗೆಯೇ ಸುಮ್ಮನಾದರು. ಜನರ ಕಣ್ಣು ತಪ್ಪಿಸಲೆಂದೇ ಅವರು ಹಿಂಬಾಗಿಲು ಹುಡುಕಿಕೊಂಡು ಬಂದದ್ದು. ಮೂವತ್ತು ವರ್ಷ ಪುಟ್ಟ ಮಕ್ಕಳ ಹೃದಯಕ್ಕೆ ಹೊಲಿಗೆ ಹಾಕಿದ ಅವರ ಬಲಗೈ, ಮೂರು ತಿಂಗಳ ಹಿಂದೆ ಆಪರೇಷನ್ ನಡುವೆಯೇ ಸಣ್ಣಗೆ ನಡುಗತೊಡಗಿತ್ತು. “ನೀನು ಮುಗಿಸು” ಎಂದು ಪಕ್ಕದಲ್ಲಿದ್ದ ಕಿರಿಯ ಡಾಕ್ಟರಿಗೆ ಬಿಟ್ಟು ಹೊರಬಂದವರು ಮತ್ತೆ ಆ ಕೋಣೆಯ ಕಡೆ ತಲೆ ಹಾಕಿರಲಿಲ್ಲ. ಮಗು ಚೆನ್ನಾಗಿಯೇ ಇತ್ತು. ಆಸ್ಪತ್ರೆಗೆ ರಜೆ ಹಾಕಿದ್ದರು. ನಿಜ ಗೊತ್ತಿದ್ದದ್ದು ಹೆಂಡತಿಗೊಬ್ಬಳಿಗೆ. ಶಾಲೆಯ ಪತ್ರ ಬಂದಾಗ, “ಅವರು ಕರೀತಿರೋ ಡಾಕ್ಟರು ಈಗ ಎಲ್ಲಿದಾನೆ?” ಎಂದು ಅವಳನ್ನು ಕೇಳಿದ್ದರು. “ಮನೇಲಿ ಕೂತು ದಿನಪೂರ್ತಿ ಕೈ ನೋಡ್ಕೊಳ್ಳೋದಕ್ಕಿಂತ ವಾಸಿ, ಹೋಗಿ ಬನ್ನಿ” ಎಂದು ಅವಳೇ ರೈಲು ಹತ್ತಿಸಿದ್ದಳು.

ಕೋಟು ಬಿಚ್ಚಿ ನಡುವಿನ ಕುರ್ಚಿಯ ಬೆನ್ನಿಗೆ ಹಾಕಿ ಡಾಕ್ಟರು ನೆಲದ ಮೇಲೆ ಕೂತರು. ದಾರದ ತುದಿ ಸೂಜಿಯ ಕಣ್ಣನ್ನು ಬಿಟ್ಟು ಆಚೆ ಈಚೆ ಅಲೆಯಿತು. ಎರಡು ಸಲ ತಪ್ಪಿತು. ಟೀಚರ್ ಸೂಜಿಯನ್ನು ತಾವು ಹಿಡಿದುಕೊಂಡರು. “ಈಗ ಹಾಕಿ.” ಹೋಯಿತು.

“ಕೈ ನಡುಗುತ್ತಾ?”

“ಮೂರು ತಿಂಗಳಿಂದ.” ಸ್ನೇಹಿತರ ಹತ್ತಿರವೂ ಬಾಯಿಬಿಡದ ಮಾತು, ಗುರುತು ಪರಿಚಯ ಇಲ್ಲದವರ ಮುಂದೆ ಇಷ್ಟು ಸಲೀಸಾಗಿ ಬಂದದ್ದಕ್ಕೆ ಅವರಿಗೇ ಆಶ್ಚರ್ಯವಾಯಿತು.

“ಏನು ಕೆಲಸ ನಿಮ್ದು?”

“ಹೊಲಿಗೇನೇ.”

“ಮೊದಲೇ ಹೇಳೋದಲ್ವಾ.” ಟೀಚರ್ ಪೋಣಿಸಿದ ಸೂಜಿಯನ್ನು ಅವರ ಕೈಗೇ ತುರುಕಿ, ತಮಗೊಂದು ಬೇರೆ ತೆಗೆದು ಅದಕ್ಕೂ ಅವರಿಂದಲೇ ದಾರ ಹಾಕಿಸಿಕೊಂಡರು. “ಆ ತುದಿಯಿಂದ ನೀವು ಬನ್ನಿ, ಈ ತುದಿಯಿಂದ ನಾನು. ಗಂಡಸರ ಬಟ್ಟೆನಾ, ಹೆಂಗಸರದಾ?”

“ಜಾಸ್ತಿ ಮಕ್ಕಳದು.”

“ಮಕ್ಕಳದು ಸಾಕು ಸಾಕಾಗುತ್ತೆ ನೋಡಿ. ಅಳತೆ ಇಷ್ಟಿಷ್ಟೇ ಇರುತ್ತೆ. ಕಷ್ಟಪಟ್ಟು ಹೊಲಿದು ಕೊಟ್ರೆ ಬೆಳೆದುಬಿಡ್ತಾವೆ.”

“ಬೆಳೀಲಿ ಅಂತಾನೇ ಅಲ್ವಾ ಟೀಚರ್, ಹೊಲಿಯೋದು?”

ಟೀಚರ್ ತಲೆಯೆತ್ತಿ ಅವರನ್ನೊಮ್ಮೆ ನೋಡಿ, ನಕ್ಕು, ಮತ್ತೆ ಬಟ್ಟೆಗೆ ಬಾಗಿದರು. ಡಾಕ್ಟರ ಮೊದಲ ನಾಲ್ಕು ಹೊಲಿಗೆ ಸೊಟ್ಟಗೆ ಬಿದ್ದವು. ಬಿಚ್ಚಲು ಹೋದರೆ ಟೀಚರ್ ಬಿಡಲಿಲ್ಲ. “ಇರಲಿ ಬಿಡಿ. ಪರದೆ ನಿಂತ್ರೆ ಸಾಕು, ನೇರ ಇದೆಯಾ ಅಂತ ಯಾರು ಅಳೀತಾರೆ?” ಇಲ್ಲಿ ಸೂಜಿ ಒಂದು ಎಳೆ ಆಚೆ ಬಿದ್ದರೆ ಯಾರ ಮನೆಯ ದೀಪವೂ ಆರುತ್ತಿರಲಿಲ್ಲ. ಕೈ ನಡುಗುತ್ತಲೇ ಇತ್ತು, ಆದರೆ ಎಷ್ಟೋ ಹೊತ್ತಿನ ಮೇಲೆ ಡಾಕ್ಟರಿಗೆ ತಾವು ಅದನ್ನು ನೋಡುವುದನ್ನೇ ಮರೆತಿದ್ದೇವೆ ಎಂಬುದು ಗಮನಕ್ಕೆ ಬಂತು. ಪರದೆಯಾಚೆ ಬೆಂಚುಗಳನ್ನು ಎಳೆದಾಡುವ ಸದ್ದು, ಮಕ್ಕಳ ಗದ್ದಲ ಏರುತ್ತಿತ್ತು.

“ಯಾರೋ ದೊಡ್ಡ ಡಾಕ್ಟರು ಬರ್ತಾರಂತೆ,” ಟೀಚರ್ ದಾರ ಕಚ್ಚಿ ತುಂಡರಿಸುತ್ತ ಹೇಳಿದರು. “ನಾನು ಈ ಶಾಲೆಗೆ ಸೇರೋ ಮೊದಲೇ ಓದಿ ಹೋದವರು. ಹೆಡ್‌ಮಾಸ್ಟರು ಗೇಟಲ್ಲಿ ನಿಂತು ದಾರಿ ಕಾಯ್ತಿದಾರೆ.”

“ಬಂದಿರಬಹುದು ಬಿಡಿ.”

ಅಷ್ಟರಲ್ಲಿ ಪರದೆಯ ಮುಂದೆ ಮೈಕು ಗೊರಗೊರ ಎಂದಿತು. ಹೆಡ್‌ಮಾಸ್ಟರು ಎಲ್ಲರನ್ನೂ ಸ್ವಾಗತಿಸಿ, ಮೊದಲ ಸನ್ಮಾನಿತರು ದಾರಿಯಲ್ಲಿದ್ದಾರೆ, ಇನ್ನೇನು ಬಂದುಬಿಡುತ್ತಾರೆ ಎಂದು ಅವರ ವಿಷಯ ಓದತೊಡಗಿದರು. ಇದೇ ಶಾಲೆಯ ಮೂರನೇ ಬೆಂಚಿನ ಹುಡುಗ. ಊರ ಮೊದಲ ಡಾಕ್ಟರು. “ಎರಡು ಸಾವಿರ ಮಕ್ಕಳ ಹೃದಯಕ್ಕೆ ಹೊಲಿಗೆ ಹಾಕಿದ ಕೈ ಅದು,” ಎಂದಾಗ ಟೀಚರ ಸೂಜಿ ನಿಂತಿತು. ಅವರು ಕುರ್ಚಿಯ ಮೇಲಿನ ಕೋಟನ್ನು ನೋಡಿದರು. ಆಮೇಲೆ ಪಕ್ಕದವರ ಕೈಯನ್ನು.

“ಇನ್ನೊಂದು ಗೇಣಿದೆ, ಟೀಚರ್,” ಡಾಕ್ಟರು ತಲೆಯೆತ್ತದೆ ಹೇಳಿದರು.

ಟೀಚರ್ ತಮ್ಮ ದಾರಕ್ಕೆ ಗಂಟು ಹಾಕಿದರು. ಉಳಿದ ಬಟ್ಟೆಯನ್ನು ಸುಕ್ಕು ಬಿಡಿಸಿ, ಅವರಿಗೆ ಅನುಕೂಲವಾಗುವಂತೆ ಬಿಗಿಯಾಗಿ ಹಿಡಿದು ಕೂತರು.

ಪರದೆ ಎಳೆಯುವ ಗಂಟೆ ಹೊಡೆಯಿತು. ವೇದಿಕೆಯ ಮೂಲೆಯಲ್ಲಿ, ಕಂಬದ ಮರೆಯಲ್ಲಿದ್ದ ಡ್ರಿಲ್ ಮಾಸ್ಟರು ಹಗ್ಗ ಎಳೆದರು. ಪರದೆ ಟೀಚರ ಕೈಯಿಂದ ಜಾರಿ ಸರಿಯತೊಡಗಿತು, ದಾರ ಬಿಗಿಯಾಯಿತು. ಬಿಟ್ಟರೆ ಹೊಲಿದದ್ದೆಲ್ಲ ಸಡಿಲವಾಗುತ್ತಿತ್ತು. ಡಾಕ್ಟರು ಸೂಜಿ ಹಿಡಿದೇ ಎದ್ದು ನಿಂತರು. ಅಂಗಿಯ ತೋಳು ಮಡಚಿ, ಮೊಣಕಾಲಿಗೆ ಧೂಳು ಮೆತ್ತಿಕೊಂಡು, ಇಡೀ ಊರಿನ ಕಣ್ಣೆದುರು ಅವರು ಪರದೆಯ ಜೊತೆಗೇ ಅಡ್ಡಡ್ಡ ಹೆಜ್ಜೆ ಹಾಕುತ್ತ ನಡೆದರು, ತಮಗೇ ತಿಳಿಯದಂತೆ ನಗುತ್ತ. ಹಿಂತಿರುಗಿ ನೋಡಿದ ಹೆಡ್‌ಮಾಸ್ಟರು ಕೈಯಲ್ಲಿದ್ದ ಹಾಳೆ ಕೆಳಗಿಳಿಸಿದರು.

ಟೀಚರ್ ಕೂತಲ್ಲಿಂದಲೇ ಮೂಲೆಯ ಕಡೆ ಕೈ ಎತ್ತಿದರು.

“ಸ್ವಲ್ಪ ತಡೀರಿ ಮಾಸ್ಟರೇ. ಡಾಕ್ಟರು ಇನ್ನೂ ಗಂಟು ಹಾಕಿಲ್ಲ.”